ಓಡುತ್ತಿರುವ ಪ್ರೋಗ್ರಾಮಿನ ಹೆಸರು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಕಾಫಿ ತೋಟದ ಮಳೆಮಾಪಕದಿಂದ ಇಂಚು, ಸೆಂಟುಗಳ ಲೆಕ್ಕವನ್ನು ದಾಖಲಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದು, ಲಿನಕ್ಸ್ ಇರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈನಲ್ಲಿ ಓಡಿಸುತ್ತಿದ್ದೇನೆ. ಅದು ತನ್ನ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮು) ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಮುಂದಿನ ಸಲ ಶುರುವಾಗುವಾಗ ಆ ಸಂಖ್ಯೆಯ ಪ್ರೊಸೆಸ್ ಕಂಡರೆ, ತಾನು ಆಗಲೇ ಓಡುತ್ತಿರುವುದಾಗಿ ಭಾವಿಸಿ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಆ ಸಂಖ್ಯೆ ಬೇರೆ ಪ್ರೋಗ್ರಾಮಿನದಾಗಿರುತ್ತದೆ. ಯಾವ ಪ್ರೊಸೆಸ್ ಯಾವ ಫೈಲಿನಿಂದ ಓಡುತ್ತಿದೆ ಎಂದು ಸಿ ಪ್ರೋಗ್ರಾಮಿನಿಂದಲೇ ತಿಳಿಯಬಹುದೇ? ಪ್ರೊಸೆಸ್ ಹೆಸರಿರುವ ‘ಕಾಮ್’ ಫೈಲನ್ನು ಓದಿ ನೋಡಿದೆ, ಅರ್ಧ ಹೆಸರಷ್ಟೇ ಬರುತ್ತದೆ.
– ಓದುಗರೊಬ್ಬರು, ಸಿದ್ದಾಪುರ, ಕೊಡಗು

ಉತ್ತರ: ಖಂಡಿತ ತಿಳಿಯಬಹುದು. ಯಂತ್ರ ಹೊಸದಾಗಿ ಶುರುವಾದಾಗ ಪ್ರೊಸೆಸ್ ಸಂಖ್ಯೆಗಳು ಮತ್ತೆ 1ರಿಂದಲೇ ಏರುತ್ತ ಹೋಗುವುದರಿಂದ, ಹಿಂದಿನ ಸಂಖ್ಯೆ ಇನ್ನೊಂದರ ಪಾಲಾಗುವುದು ತೀರ ಸಹಜ. ಆದ್ದರಿಂದ ಸಂಖ್ಯೆಯೊಂದನ್ನೇ ನಂಬಬಾರದೆಂಬ ನಿಮ್ಮ ಅನುಮಾನ ಸರಿಯಾಗಿದೆ.

ಲಿನಕ್ಸಿನಲ್ಲಿ ಪ್ರತಿ ಪ್ರೊಸೆಸ್‌ಗೂ ‘/ಪ್ರೊಕ್’ ಎಂಬಲ್ಲಿ ಅದರ ಸಂಖ್ಯೆಯದೇ ಒಂದು ಕಡತಕೋಶವಿರುತ್ತದೆ. ಅದರೊಳಗಿನ ‘ಕಾಮ್’ನಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ ಹೆಸರಿಗೆಂದು ಇಟ್ಟಿರುವುದು 16 ಬೈಟು, ಕೊನೆಯ ಸೊನ್ನೆ ಬೈಟನ್ನು ಕಳೆದರೆ ಉಳಿಯುವುದು 15. ನಿಮ್ಮ ಹೆಸರು ಅರ್ಧಕ್ಕೆ ನಿಂತದ್ದು ಇದರಿಂದಲೇ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟವರಿಗಂತೂ ಇದು ಇನ್ನೂ ಇಕ್ಕಟ್ಟು: ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕಾಗಿ, ಗುಣಿತ, ಒತ್ತುಗಳೂ ಸೇರಿ ಐದೇ ಸಂಕೇತಗಳು ಹಿಡಿಯುತ್ತವೆ. ‘ಸಿಎಂಡಿಲೈನ್’ ಎಂಬ ಫೈಲಿನಲ್ಲಿ ಹೆಸರು ಪೂರ್ತಿಯಾಗಿ ಸಿಗಬಹುದಾದರೂ, ಅಲ್ಲಿ ಮೊದಲು ಬರುವುದು ಆ ಪ್ರೋಗ್ರಾಮನ್ನು ಶುರುಮಾಡಿದವರು ಕೊಟ್ಟ ಹೆಸರೇ ಹೊರತು ಫೈಲಿನ ಹೆಸರೇ ಆಗಿರಬೇಕೆಂದಿಲ್ಲ; ‘ಮೇನ್’ ಫಂಕ್ಷನ್ನಿಗೆ ಬರುವ ಪದಗಳ ಪಟ್ಟಿಯಾದ ‘ಆರ್ಗ್‌ವಿ’ಯ ಸೊನ್ನೆಯ ಸ್ಥಾನಕ್ಕೂ ಇದೇ ಮಾತು ಸಲ್ಲುತ್ತದೆ.

ನಿಮಗೆ ಬೇಕಾದದ್ದು ಅದೇ ಕಡತಕೋಶದಲ್ಲಿರುವ ‘ಎಕ್ಸ್‌ಇ’ ಎಂಬ ಸಾಂಕೇತಿಕ ಲಿಂಕ್, ಅಂದರೆ ಇನ್ನೊಂದು ಫೈಲಿನ ದಾರಿಯನ್ನು ತೋರಿಸುವ ಕೊಂಡಿ. ಓಡುತ್ತಿರುವ ಫೈಲಿನ ಪೂರ್ಣ ದಾರಿಯನ್ನು ಕರ್ನೆಲ್ ತಾನೇ ಇಲ್ಲಿ ತೋರಿಸುತ್ತದೆ. ‘ರೀಡ್‌ಲಿಂಕ್’ ಫಂಕ್ಷನ್ನಿನಿಂದ ಅದನ್ನು ಓದಿರಿ. ನಿಮ್ಮದೇ ಪ್ರೊಸೆಸ್ ಆದರೆ ಸಂಖ್ಯೆಯ ಬದಲು ‘ಸೆಲ್ಫ್’ ಎಂದರೆ ಸಾಕು. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ: ‘ರೀಡ್‌ಲಿಂಕ್’ ಸ್ಟ್ರಿಂಗಿನ ಕೊನೆಗೆ ಸೊನ್ನೆಯ ಬೈಟನ್ನು ಹಾಕುವುದಿಲ್ಲ. 4096 ಬೈಟಿನ ಬಫರ್ (ಉತ್ತರ ಬಂದು ಕೂರುವ ಜಾಗ) ಇಟ್ಟುಕೊಂಡು 4095ನ್ನು ಅಳತೆಯಾಗಿ ಕೊಡಿ. ಮರಳಿ ಬಂದದ್ದು -1 ಅಲ್ಲವೆಂದು ನೋಡಿಕೊಂಡು, ಬಂದ ಸಂಖ್ಯೆಯ ಸ್ಥಾನದಲ್ಲಿ ಸೊನ್ನೆಯನ್ನು ನೀವೇ ಬರೆಯಿರಿ. ಇದನ್ನು ಬಿಟ್ಟರೆ ಬಫರಿನಲ್ಲಿ ಮೊದಲೇ ಇದ್ದ ಅಕ್ಷರಗಳು ಹೆಸರಿನ ಬಾಲಕ್ಕೆ ಅಂಟಿಕೊಂಡು, ಹೋಲಿಕೆ ಒಮ್ಮೆ ಸರಿಯಾಗಿ ಇನ್ನೊಮ್ಮೆ ತಪ್ಪುತ್ತದೆ. ಕೊನೆಯ ಓರೆಗೆರೆಯ ನಂತರದ ಭಾಗವಷ್ಟೇ ಬೇಕಿದ್ದರೆ ‘ಸ್ಟ್ರಾರ್‌ಸಿಎಚ್‌ಆರ್’ ಬಳಸಿ.

ಬೇರೆ ಬಳಕೆದಾರರ ಪ್ರೊಸೆಸ್ ಆದರೆ ಅನುಮತಿಯಿಲ್ಲವೆಂಬ ಉತ್ತರ ಬರಬಹುದು; ಕರ್ನೆಲ್‌ನದೇ ಥ್ರೆಡ್‌ಗಳಿಗೆ ಓದಲು ದಾರಿಯೇ ಇರುವುದಿಲ್ಲ. ಪೈಥಾನ್‌ನಲ್ಲಿ ಬರೆದದ್ದಾದರೆ ಸಿಗುವುದು ಪೈಥಾನ್‌ನ ದಾರಿ, ನಿಮ್ಮ ಸ್ಕ್ರಿಪ್ಟಿನದಲ್ಲ. ಪ್ರೋಗ್ರಾಮು ಓಡುತ್ತಿರುವಾಗಲೇ ಹಳೆಯ ಫೈಲನ್ನು ಅಳಿಸಿ ಹೊಸದನ್ನು ಕಂಪೈಲ್ ಮಾಡಿಟ್ಟರೆ, ದಾರಿಯ ಕೊನೆಗೆ ‘ಅಳಿಸಲಾಗಿದೆ’ ಎಂಬರ್ಥದ ಇಂಗ್ಲಿಷ್ ಪದ ಆವರಣದೊಳಗೆ ಸೇರಿ, ನೇರ ಹೋಲಿಕೆ ಸೋಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಒಂದೇ ಪ್ರತಿ ಓಡಬೇಕೆಂಬ ನಿಮ್ಮ ಉದ್ದೇಶಕ್ಕೆ ಹೆಸರಿನ ತನಿಖೆಗಿಂತ, ಫೈಲಿಗೆ ಹಾಕುವ ‘ಫ್ಲಾಕ್’ ಬೀಗವೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ. ಶುರುವಿನಲ್ಲೇ ಒಂದು ಫೈಲನ್ನು ತೆರೆದು, ಕಾದು ನಿಲ್ಲದಂತೆ ಬೀಗ ಕೇಳಿರಿ. ಸಿಗದಿದ್ದರೆ ಇನ್ನೊಂದು ಪ್ರತಿ ಓಡುತ್ತಿದೆಯೆಂದೇ ಅರ್ಥ. ಪ್ರೊಸೆಸ್ ಹೇಗೇ ಕೊನೆಗೊಂಡರೂ ಕರ್ನೆಲ್ ಆ ಬೀಗವನ್ನು ತೆಗೆಯುತ್ತದೆ; ಕರೆಂಟು ಹೋದರಂತೂ ಬೀಗ ಉಳಿಯುವ ಮಾತೇ ಇಲ್ಲ. ಆ ಫೈಲನ್ನು ಕೊನೆಯವರೆಗೂ ಮುಚ್ಚಬೇಡಿ. ಬೇರೆ ಪ್ರೋಗ್ರಾಮನ್ನು ನೀವು ಶುರುಮಾಡುವುದಿದ್ದರೆ, ಫೈಲನ್ನು ತೆರೆಯುವಾಗಲೇ ಆ ಪ್ರೋಗ್ರಾಮು ಶುರುವಾಗುವಾಗ ಅದರ ಪಾಲಿಗೆ ಈ ಫೈಲನ್ನು ಮುಚ್ಚುವ ‘ಓ_ಕ್ಲೋಎಕ್ಸೆಕ್’ ಸೇರಿಸಿ. ಇಲ್ಲವಾದರೆ ನಿಮ್ಮದು ನಿಂತ ಮೇಲೂ ಬೀಗ ಆ ಪ್ರೋಗ್ರಾಮಿನ ಕೈಯಲ್ಲೇ ಉಳಿಯುತ್ತದೆ.