ದಾವಣಗೆರೆ ಹೊರವಲಯದ ಹೊಸ ಲೇಔಟ್‌ಗೆ ಪಾಲಿಕೆ ಯಾಕೆ ರಸ್ತೆ ಹಾಕಿಕೊಡುವುದಿಲ್ಲ?

ಆ ರಸ್ತೆ ಇನ್ನೂ ಪಾಲಿಕೆಯ ಆಸ್ತಿ ಆಗಿರುವುದಿಲ್ಲ, ಅದಕ್ಕೆ. ಖಾಸಗಿ ಲೇಔಟ್‌ನಲ್ಲಿ ರಸ್ತೆ, ಚರಂಡಿ, ಬೀದಿದೀಪದ ಖರ್ಚು ಪೂರ್ತಿ ಲೇಔಟ್ ಮಾಡಿದವರದು. ದೂಡಾ, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ನಕ್ಷೆಗೆ ಒಪ್ಪಿಗೆ ಕೊಟ್ಟರೂ ಎಲ್ಲ ಸೈಟುಗಳನ್ನು ಒಮ್ಮೆಲೇ ಮಾರಾಟಕ್ಕೆ ಬಿಡುವುದಿಲ್ಲ; ಕೆಲಸ ಮುಗಿದಷ್ಟು ಹಂತಹಂತವಾಗಿ ಬಿಡುಗಡೆ ಮಾಡುತ್ತದೆ. ಕೆಲಸ ಮುಗಿಸಿ, ರಸ್ತೆ ಮತ್ತು ಪಾರ್ಕಿನ ಜಾಗ ಹಸ್ತಾಂತರವಾದ ಮೇಲಷ್ಟೇ ಪಾಲಿಕೆ ತನ್ನ ಹಣ ಹಾಕಬಹುದು.

ಎಡವಟ್ಟಾಗುವುದು ಹಸ್ತಾಂತರದಲ್ಲೇ. ತೆಳ್ಳಗೆ ಡಾಂಬರು ಬಳಿದು, ಚರಂಡಿಯನ್ನು ಹೊರಗಿನ ದೊಡ್ಡ ಚರಂಡಿಗೆ ಸೇರಿಸದೆ ಬಿಟ್ಟರೆ ತಪಾಸಣೆ ಪಾಸಾಗದು, ಕಡತ ವರ್ಷಗಟ್ಟಲೆ ಕೂರುತ್ತದೆ. ಒಪ್ಪಿಗೆಯೇ ಇಲ್ಲದ ರೆವಿನ್ಯೂ ಸೈಟಿನವರ ಪಾಡಂತೂ ಇನ್ನೂ ಕಷ್ಟ: ಅಲ್ಲಿ ಹಸ್ತಾಂತರಿಸಲು ಮಂಜೂರಾದ ರಸ್ತೆಯೇ ಇರುವುದಿಲ್ಲ. ಸೈಟು ಕೊಳ್ಳುವ ಮೊದಲು ಅನುಮೋದಿತ ನಕ್ಷೆ, ಸೈಟು ಬಿಡುಗಡೆ ಪತ್ರ ಎರಡನ್ನೂ ದೂಡಾ ಕಚೇರಿಯಲ್ಲೇ ತಾಳೆ ನೋಡಿ.