ಮುಂದಿನ ಶನಿವಾರವೂ ಬರ್ತಾನಾ?

ಪುಣೆಯ ಒಂದು ವಸ್ತಿಯಿಂದ, ಅಂದರೆ ಕೊಳೆಗೇರಿಯಿಂದ, ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮೂಲ ಯಾದಗಿರಿ ಕಡೆಯವರು. ಗಂಡ ಗೌಂಡಿ, ಇವರು ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಪತ್ರದ ಸಾರ ಇಷ್ಟು:

“ಮಗನಿಗೆ ಹದಿನೈದು. ಸಾಲಿ ತಪ್ಪಿಸಿ ಗಲ್ಲಿಯ ಭಾಯಿಗಳ ಹಿಂದೆ ತಿರುಗುತ್ತಿದ್ದ. ಆರು ತಿಂಗಳಿಂದ ಪ್ರತಿ ಶನಿವಾರ ಕಿರಿಸ್ತಾನರ ಕೆಲವು ಹುಡುಗರು ಬರ್ತಾರೆ. ಫುಟ್‌ಬಾಲ್ ಆಡಿಸ್ತಾರೆ, ಲೆಕ್ಕ ಹೇಳಿಕೊಡ್ತಾರೆ, ಕೊನೆಗೆ ಪ್ರಾರ್ಥನೆ ಮಾಡ್ತಾರೆ. ಅವರಲ್ಲಿ ಒಬ್ಬ ದಾದಾ (ಇಲ್ಲಿ ಅಣ್ಣನಿಗೆ ಹಾಗಂತಾರೆ) ಇದ್ದಾನೆ, ಅವನ ಮಾತು ಮಾತ್ರ ಇವನು ಕೇಳೋದು. ಮೊನ್ನೆ ಜೇಜುರಿಯ ಮಲ್ಲಯ್ಯನ ಗುಡಿಗೆ ಹೋದಾಗ ಅರಿಶಿನದ ಭಂಡಾರ ಹಚ್ಚಿಕೊಳ್ಳಲು ಹಿಂದೆಮುಂದೆ ನೋಡಿದ. ಇವರಪ್ಪ ಇನ್ನು ಕಳಿಸಬೇಡ ಅಂತಾರೆ. ಬಿಡಿಸಿದರೆ ಮತ್ತೆ ಗಲ್ಲಿಗೇ ಹೋಗ್ತಾನೆ. ಏನು ಮಾಡಲಿ?”

ಅಕ್ಕಾ,

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಕೆಲಸ ಇತ್ತು ಎಂದು ನೆಪ ಹೇಳುವುದಿಲ್ಲ. ಓದಿದಾಗಲೆಲ್ಲ ನನ್ನದೇ ಒಂದು ಹಳೆಯ ತಪ್ಪು ನೆನಪಾಗುತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಗಲ್ಲಿಯ ಮಾತು. ಭಾಯಿ ನಿಮ್ಮ ಮಗನಿಗೆ ಏನು ಕೊಡುತ್ತಿದ್ದ? ದುಡ್ಡಂತೂ ಅಲ್ಲ. ಬೈಕಿನ ಹಿಂದಿನ ಸೀಟು, ಒಂದು ವಡಾಪಾವ್, ಹುಟ್ಟುಹಬ್ಬಕ್ಕೆ ರಸ್ತೆ ನಡುವೆ ಕೇಕು. ಆ ಕೇಕನ್ನು ತಲವಾರಿನಲ್ಲಿ ಕತ್ತರಿಸಿ ರೀಲ್ ಮಾಡುತ್ತಾರೆ. ಅದಕ್ಕಿಂತ ಜಾಸ್ತಿ, “ಏನೋ, ಎರಡು ದಿನ ಕಾಣಲೇ ಇಲ್ಲ?” ಎಂದು ಕೇಳುತ್ತಿದ್ದ. ನೀವು ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತೀರಿ. ಅವರಪ್ಪ ಮಜೂರ ಅಡ್ಡಾದಲ್ಲಿ ನಿಂತಿರುತ್ತಾರೆ. ಹುಡುಗನನ್ನು ಹಾಗೆ ಕೇಳಲು ಹಗಲಲ್ಲಿ ಇನ್ಯಾರೂ ಇಲ್ಲ. ಇದು ನಿಮ್ಮ ತಪ್ಪಲ್ಲ. ಗುಳೆ ಬಂದವರ ದಿನವೇ ಹಾಗೆ.

ಆದರೆ ಆ ಸೀಟು ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೂ ಗೊತ್ತು. ಕೊಯ್ತಾ (ಮಚ್ಚು) ಹಿಡಿದು ನಿಲ್ಲಿಸಿದ ರಿಕ್ಷಾ, ಬೈಕು ಒಡೆಯುವ ಹುಡುಗರ ಸುದ್ದಿ ಈಚೆಗೆ ಪುಣೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಸಿಕ್ಕಿಬಿದ್ದವರಲ್ಲಿ ಹದಿನೆಂಟು ತುಂಬದವರೂ ಇರುತ್ತಾರೆ. ‘ನೀನು ಸಣ್ಣವನು, ನಿನಗೇನೂ ಆಗಲ್ಲ’ ಎಂದು ಯಾರಾದರೂ ನಿಮ್ಮ ಮಗನ ಕಿವಿ ಊದಿದ್ದರೆ ಅದು ಸುಳ್ಳು. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ, ಹದಿನಾರು ತುಂಬಿದವನು ಘೋರ ಅಪರಾಧ ಮಾಡಿದರೆ ದೊಡ್ಡವರಂತೆಯೇ ವಿಚಾರಣೆ ನಡೆಸಬಹುದು. ನಿಮ್ಮ ಮಗನಿಗೆ ಈಗ ಹದಿನೈದು.

ಈಗ ಶನಿವಾರದ ಹುಡುಗರು. ಅವರು ಮಾಡುತ್ತಿರುವುದು ಹೊಸದೇನಲ್ಲ. 1840ರ ದಶಕದಲ್ಲಿ ಇಟಲಿಯ ಟುರಿನ್ ಪಟ್ಟಣಕ್ಕೂ ಹಳ್ಳಿ ಹುಡುಗರು ಗುಳೆ ಬರುತ್ತಿದ್ದರು. ಗೌಂಡಿಗಳ ಕೈಕೆಳಗೆ ಕಲ್ಲು ಹೊರುತ್ತಿದ್ದರು, ಚಿಮಣಿ ಗುಡಿಸುತ್ತಿದ್ದರು. ಕೆಲವರು ಜೈಲು ಸೇರುತ್ತಿದ್ದರು. ಜೈಲಿಗೆ ಹೋಗಿ ಅವರನ್ನು ಕಂಡ ಜಾನ್ ಬೋಸ್ಕೊ ಎಂಬ ಯುವ ಪಾದ್ರಿಗೆ, ಹೊರಗೆ ಇವರಿಗೊಬ್ಬ ಸ್ನೇಹಿತ ಇದ್ದಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ ಅನ್ನಿಸಿತು. 1841ರ ಡಿಸೆಂಬರಿನಲ್ಲಿ ಚರ್ಚಿನ ಆಳು ಒಬ್ಬ ಅನಾಥ ಗೌಂಡಿ ಹುಡುಗನನ್ನು ಹೊಡೆದು ಓಡಿಸಿದ. ಬೋಸ್ಕೊ ಅವನನ್ನು ವಾಪಸ್ ಕರೆಸಿದರು. ಓದೋಕೆ ಬರುತ್ತಾ? ಇಲ್ಲ. ಬರೆಯೋಕೆ? ಇಲ್ಲ. ಸಿಳ್ಳೆ ಹಾಕೋಕೆ? ಹುಡುಗ ನಕ್ಕುಬಿಟ್ಟ. ಅವರ ಕೆಲಸ ಅಲ್ಲಿಂದ ಶುರುವಾಯಿತು ಎಂದು ಕಥೆ ಹೇಳುತ್ತಾರೆ. ಮುಂದೆ ಅವರು ಹುಡುಗರನ್ನು ಕೆಲಸ ಕಲಿಯಲು ಬಿಡುವಾಗ ಮಾಲೀಕರಿಂದ ಕರಾರು ಬರೆಸಿಕೊಳ್ಳುತ್ತಿದ್ದರು. ಹೊಡೆಯಬಾರದು, ಹಬ್ಬದ ದಿನ ರಜೆ ಕೊಡಬೇಕು ಎಂದೆಲ್ಲ ಅದರಲ್ಲಿ ಇರುತ್ತಿತ್ತು. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಗುತ್ತೇದಾರರ ಕೈಯಲ್ಲಿ ಪಳಗಿದವರು ಅವರು, ಅಂಥ ಕರಾರಿನ ಬೆಲೆ ಅವರಿಗೆ ಗೊತ್ತಾಗುತ್ತದೆ.

ಆದರೆ ಬೋಸ್ಕೊ ಆಟದ ಜೊತೆಗೆ ಧರ್ಮಪಾಠವನ್ನೂ ಕಲಿಸುತ್ತಿದ್ದರು. ಮುಚ್ಚಿಡಲಿಲ್ಲ. ಹಾಗಾಗಿ ‘ಸುಮ್ನೆ ಫುಟ್‌ಬಾಲ್ ಅಷ್ಟೇ, ಚಿಂತೆ ಬಿಡಿ’ ಎಂದು ನಾನು ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ನಿಮ್ಮ ಯಜಮಾನರ ಭಯಕ್ಕೆ ಈ ಊರಿನಲ್ಲೇ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

ಊರಿನಿಂದ ರೈಲಿನಲ್ಲಿ ಬರುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ, ನೋಡಿದ್ದೀರಲ್ವಾ? ಅಲ್ಲಿನ ಮುಕ್ತಿ ಮಿಷನ್ ಕಟ್ಟಿದವರು ಪಂಡಿತಾ ರಮಾಬಾಯಿ. ನಮ್ಮ ಕಡೆಯವರೇ. ತಂದೆ ಕಾರ್ಕಳದ ಮಾಳದವರು, ಈಕೆ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದರು. ಯಾರಿಗೂ ಧರ್ಮ ಬೋಧಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಆದರೆ ಅವರು ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಬಂದು ಕೂರತೊಡಗಿದರು. ಪುಣೆಯಲ್ಲಿ ಗದ್ದಲ ಎದ್ದಿತು. ತಿಲಕರ ‘ಕೇಸರಿ’ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಂಡಾರಕರ್ ಅಂಥ ಸಮಾಜ ಸುಧಾರಕರೇ ಸಲಹಾ ಸಮಿತಿ ಬಿಟ್ಟರು. ಹಲವರು ಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು.

ಯಾರದು ಸರಿ? ಅನ್ನ ಹಾಕುವವರೇ ಪ್ರಾರ್ಥನೆಗೆ ಕೂತರೆ ತೆರೆದ ಬಾಗಿಲೂ ಮಕ್ಕಳನ್ನು ಕರೆದಂತೆಯೇ, ಇದು ನನ್ನ ಅಭಿಪ್ರಾಯ. ಅವರ ಮೇಲಿನ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ಮುಂದೆ 1896ರ ಬರಗಾಲದಲ್ಲಿ ಅವರೇ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕೇಡಗಾಂವಿಗೆ ಕರೆತಂದರು. ಬೈದವರು ಪುಣೆಯಲ್ಲೇ ಇದ್ದರು. ಅದೇ ಶಾರದಾ ಸದನದಲ್ಲಿ ಓದಿದ ವಿಧವೆ ಗೋದೂಬಾಯಿಯನ್ನು ಪುಣೆಯ ಕಾಲೇಜು ಮೇಷ್ಟ್ರು ಧೋಂಡೋ ಕೇಶವ ಕರ್ವೆ 1893ರಲ್ಲಿ ಮದುವೆಯಾದರು. ಮೂರು ವರ್ಷದ ನಂತರ ತಾವೇ ವಿಧವೆಯರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಆ ಇಡೀ ಜಗಳದಲ್ಲಿ ನನಗೆ ಹಿಡಿಸಿದ ಉತ್ತರ ಅದೊಂದೇ.

ಇನ್ನು ನಿಮ್ಮ ಭಂಡಾರದ ಪ್ರಶ್ನೆ. ಹುಡುಗನನ್ನು ಬೈಯಬೇಡಿ, ಕೇಳಿ. “ಬೇಡ ಅಂತ ಯಾರಾದರೂ ಹೇಳಿದರಾ, ನಿನಗೇ ಬೇಡ ಅನ್ನಿಸಿತಾ?” (ಹದಿನೈದರ ಹುಡುಗ ಹೊಸ ಅಂಗಿಗೆ ಅರಿಶಿನ ಆಗುತ್ತದೆ ಎಂದೂ ಹಿಂಜರಿಯಬಹುದು. ನನ್ನ ಮಗ ಹಾಗೇ ಮಾಡಿದ್ದ.) ಮಲ್ಲಯ್ಯ ಸೈತಾನ, ಅಪ್ಪ ಅಮ್ಮ ಕತ್ತಲಲ್ಲಿದ್ದಾರೆ ಎಂದು ಆ ದಾದಾ ಹೇಳಿಕೊಟ್ಟಿದ್ದರೆ ಮಾತ್ರ ಅವನನ್ನು ಕೂರಿಸಿಕೊಂಡು ಗಟ್ಟಿಯಾಗಿ ಹೇಳಿ: ನಮ್ಮ ಮನೆಯ ದೇವರನ್ನು ಬೈದು ನಮ್ಮ ಮಗನನ್ನು ಉದ್ಧಾರ ಮಾಡುವುದು ಬೇಡ. ಸರ್ಕಾರದ ಮಾನ್ಯತೆ, ಅನುದಾನ ಇರುವ ಶಾಲೆಯಲ್ಲೇ ಪಾಲಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಧರ್ಮಪಾಠಕ್ಕೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಶನಿವಾರದ ಗುಂಪು ಶಾಲೆಯಲ್ಲ, ನಿಜ. ಆದರೂ ಅದೇ ಮರ್ಯಾದೆಯನ್ನು ನೀವು ಕೇಳಬಹುದು. ಪ್ರಾರ್ಥನೆ ಶುರುವಾಗುವ ಮೊದಲು ಮನೆಗೆ ಹೊರಟ ಹುಡುಗನಿಗೆ ಮುಂದಿನ ವಾರ ಚೆಂಡು ಸಿಗುತ್ತದಾ? ಇದೊಂದನ್ನು ನೋಡಿದರೆ ಅರ್ಧ ಗೊತ್ತಾಗುತ್ತದೆ.

ಇನ್ನೊಂದು ಮಾತು, ಇದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ. ಮಠದ ಶಿಬಿರವಿರಲಿ, ಕ್ರಿಕೆಟ್ ಕೋಚ್ ಇರಲಿ, ಪಾದ್ರಿ ಇರಲಿ, ದೊಡ್ಡವನೊಬ್ಬ ಹುಡುಗನ ಜೊತೆ ಬಾಗಿಲು ಹಾಕಿಕೊಂಡು ಒಬ್ಬನೇ ಇರಬಾರದು. ಲೋಣಾವಳಾಕ್ಕೆ ಕ್ಯಾಂಪ್ ಎಂದರೆ ಯಾರ ಜೊತೆ, ಎಲ್ಲಿ ಮಲಗುವುದು ಎಂದು ಕೇಳಿ. ‘ಅಮ್ಮನಿಗೆ ಹೇಳಬೇಡ’ ಎನ್ನುವ ಮಾತು ಬಂದರೆ ಅವತ್ತೇ ನಿಲ್ಲಿಸಿ. ಭಯವಾದರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಈ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲೇ ಶುರುವಾದದ್ದು.

ಈಗ ನನ್ನ ತಪ್ಪು. ನಾನು ಮುಂಬೈಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವನು. ಎರಡು ದಿನ ಹೋಗದಿದ್ದರೆ ಮೇಷ್ಟ್ರು ಹೋಟೆಲಿನ ಹಿಂಬಾಗಿಲಿಗೇ ಬರುತ್ತಿದ್ದರು. ಹಗಲೆಲ್ಲ ಆಫೀಸಿನಲ್ಲಿ ದುಡಿದ ಮನುಷ್ಯ. ಆ ಋಣ ತೀರಿಸಲೆಂದು ಪುಣೆಗೆ ಬಂದ ಮೇಲೆ ನಾನೂ ಒಬ್ಬ ಹುಡುಗನಿಗೆ ಭಾನುವಾರ ಪಾಠ ಹೇಳತೊಡಗಿದೆ. ವಿಜಯಪುರದ ಕಡೆಯವನು. ವೈಟ್ನರ್ ಮೂಸುವ ಚಟ ಇತ್ತು, ಬಿಡುತ್ತಾ ಬಂದಿದ್ದ. ಎರಡು ತಿಂಗಳು ಹೋದೆ. ಆಮೇಲೆ ನಮ್ಮ ಪತ್ರಿಕೆಯ ದೀಪಾವಳಿ ಸಂಚಿಕೆಯ ಕೆಲಸ ಬಂತು. ಒಂದು ವಾರ ತಪ್ಪಿತು, ಮೂರು ತಪ್ಪಿದವು, ನಾಚಿಕೆಯಾಗಿ ಹೋಗುವುದನ್ನೇ ಬಿಟ್ಟೆ. ಅವನು ನಾಲ್ಕು ಭಾನುವಾರ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದನಂತೆ. ಎದುರಿನ ಚಹಾದವನು ಹೇಳಿದ. ಹುಡುಕಿಕೊಂಡು ಹೋದಾಗ ಖೋಲಿ ಖಾಲಿಯಾಗಿತ್ತು.

ಅಮೆರಿಕದಲ್ಲಿ ಹೀಗೆ ಒಬ್ಬ ಹುಡುಗನಿಗೆ ಒಬ್ಬ ಹಿರಿಯನನ್ನು ಜೊತೆ ಮಾಡುವ ಸಂಸ್ಥೆಯೊಂದರಲ್ಲಿ 959 ಮಕ್ಕಳ ಅಧ್ಯಯನ ನಡೆದು 1995ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ತಕ್ಷಣ ಜೊತೆಗಾರ, ಉಳಿದವರು ಕಾಯುವ ಪಟ್ಟಿಯಲ್ಲಿ. ಒಂದೂವರೆ ವರ್ಷದ ನಂತರ ನೋಡಿದರೆ, ಜೊತೆಗಾರ ಇದ್ದವರು ಡ್ರಗ್ಸ್ ಶುರುಮಾಡುವುದು 46 ಶೇಕಡಾ ಕಡಿಮೆಯಾಗಿತ್ತು. ನನ್ನ ಎದೆಗೆ ನಾಟಿದ್ದು ಆಮೇಲಿನ ಮಾತು. ಅದೇ ಲೆಕ್ಕಗಳನ್ನು ಮತ್ತೆ ಬಿಡಿಸಿ ನೋಡಿದಾಗ ಹೆಚ್ಚು ಲಾಭ ಕಂಡದ್ದು ವರ್ಷ ದಾಟಿದ ಜೋಡಿಗಳಲ್ಲಿ. ಮೂರು ತಿಂಗಳೊಳಗೆ ಕೈಬಿಟ್ಟ ಮಕ್ಕಳು ತಮ್ಮ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದ್ದರು. ಯಾರೂ ಸಿಗದವರಿಗಿಂತಲೂ ಕೆಳಗೆ.

ಆದ್ದರಿಂದ ಅಕ್ಕಾ, ಆ ದಾದಾನನ್ನು ಕೇಳುವಾಗ ‘ನಿನ್ನ ದೇವರು ಯಾರು’ ಎಂದು ಶುರುಮಾಡಬೇಡಿ. ‘ಎಷ್ಟು ದಿನ ಬರ್ತೀಯಪ್ಪಾ’ ಎಂದು ಕೇಳಿ. ಮಳೆಗಾಲದಲ್ಲೂ ಬಂದಿದ್ದನಾ? ನಿಮ್ಮ ಮಗ ಸುಳ್ಳು ಹೇಳಿ ಸಿಕ್ಕಿಬಿದ್ದ ವಾರವೂ ಬಂದನಾ? ಹಾಗಿದ್ದರೆ ನನ್ನ ಮಾತು ಇಷ್ಟೇ: ಬಿಡಿಸಬೇಡಿ. ಯಜಮಾನರನ್ನು ಒಂದು ಶನಿವಾರ ಮೈದಾನಕ್ಕೆ ಕರೆದುಕೊಂಡು ಹೋಗಿ. ದಾದಾನನ್ನು ಮನೆಗೆ ಊಟಕ್ಕೆ ಕರೆಯಿರಿ. ರೊಟ್ಟಿ, ಪುಂಡಿಪಲ್ಯ ಬಡಿಸಿ, ಮುಂದಿನ ಜಾತ್ರೆಗೆ ನಿಮ್ಮ ಕಡೆಯ ಮಲ್ಲಯ್ಯನ ಮೈಲಾಪುರಕ್ಕೆ ಬಾ ಎನ್ನಿ. ನಿಮ್ಮ ಮನೆ ಎಂಥದ್ದು ಎಂದು ಅವನಿಗೂ ತಿಳಿಯಲಿ.

ನಮ್ಮ ಕನ್ನಡ ಸಂಘದವರ ಮಾತು ಎತ್ತಿದರೆ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಎತ್ತುತ್ತೇನೆ. ನವೆಂಬರಿನಲ್ಲಿ ನಾವೆಲ್ಲ ಶಾಲು ಹೊದ್ದು ರಾಜ್ಯೋತ್ಸವ ಮಾಡುತ್ತೇವೆ. ನಿಮ್ಮ ಗಲ್ಲಿಗೆ ಬರುವವರು ಯಾರೋ ಬೇರೆ ಭಾಷೆಯ ಹುಡುಗರು. ಬರಬೇಡಿ ಎಂದು ಅವರಿಗೆ ಹೇಳುವ ಮೊದಲು ನಮ್ಮವರಲ್ಲಿ ಒಬ್ಬನಾದರೂ ಭಾನುವಾರ ಅಲ್ಲಿ ನಿಂತಿರಬೇಕಿತ್ತು.

ನಿಮ್ಮ ಪತ್ರದಲ್ಲಿ ಫೋನ್ ನಂಬರ್ ಇಲ್ಲ. ನಮ್ಮ ಕಚೇರಿಗೆ ಒಂದು ಮಿಸ್ಡ್ ಕಾಲ್ ಕೊಡಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಬರುತ್ತೇನೆ. ಲೆಕ್ಕ ನನಗೂ ಅಷ್ಟಕ್ಕಷ್ಟೇ, ಕನ್ನಡ ಹೇಳಿಕೊಡಬಲ್ಲೆ. ದೀಪಾವಳಿ ಸಂಚಿಕೆಯ ಕೆಲಸವನ್ನು ಈ ವರ್ಷ ಬೇರೆಯವರಿಗೆ ಒಪ್ಪಿಸಿದ್ದೇನೆ.