ಸಂಪಾದಕರ ಉತ್ತರ: ಸ್ಥಾಯಿಯ ಲೆಕ್ಕ ಪಕ್ಕಕ್ಕಿಟ್ಟು ಕೇಳೋಣ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಹೆಸರು ಅಚ್ಚು ಹಾಕಬೇಡಿ ಅಂದಿದ್ದೀರಿ, ಹಾಗೇ ಆಗಲಿ. ಪತ್ರ ಪೂರ್ತಿ ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ಪ್ರೋಗ್ರೆಸಿವ್ ರಾಕ್ (ಚಿಕ್ಕದಾಗಿ ಪ್ರೋಗ್; ತಾಳ, ಶ್ರುತಿ ಬದಲಾಗುತ್ತಾ ಉದ್ದಕ್ಕೆ ಬೆಳೆಯುವ ರಾಕ್ ಸಂಗೀತ) ಗಂಡಸರ ಸಂಗೀತ. ಹೆಣ್ಣು ದನಿ ಅಲ್ಲಿ ಬರೀ ಅಲಂಕಾರಕ್ಕೆ. ನಿಜವಾಗಿ ಹಾಡಬಲ್ಲವರು ಆನಿ ಹ್ಯಾಸ್ಲಂ ಒಬ್ಬರೇ, ಯಾಕೆಂದರೆ ಅವರ ದನಿ ಐದು ಆಕ್ಟೇವ್, ಅಂದರೆ ಐದು ಸ್ಥಾಯಿ ಮುಟ್ಟುತ್ತದೆ. ಕೇಟ್ ಬುಷ್ ಪಾಪ್ ಗಾಯಕಿ, ಅವರನ್ನು ಇಲ್ಲಿಗೆ ಎಳೆದು ತರಬೇಡಿ. ಕೊನೆಗೆ ಒಂದು ಬೇಡಿಕೆ: ಸಂಪಾದಕರು ತಮ್ಮ ಮೆಚ್ಚಿನ ಹತ್ತು ಗಾಯಕಿಯರನ್ನು ಒಂದರಿಂದ ಹತ್ತರವರೆಗೆ ನಂಬರ್ ಹಾಕಿ ಕೊಡಬೇಕು.

ನಂಬರ್ ಹಾಕುವ ಕೆಲಸ ನನ್ನಿಂದಾಗದು. ಮೆಚ್ಚಿನವರ ಬಗ್ಗೆ ಮಾತಾಡು ಅಂದರೆ ಮಾತ್ರ ಎಷ್ಟು ಹೊತ್ತಾದರೂ ಸರಿ.

ಹ್ಯಾಸ್ಲಂ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ನನಗೂ ಅವರು ಇಷ್ಟ, ಆದರೆ ಕಾರಣ ಬೇರೆ. 1972ರಲ್ಲಿ ರಿನೇಸಾನ್ಸ್ ತಂಡದ ಜೊತೆ ಅವರ ಮೊದಲ ಆಲ್ಬಂ ಬಂತು, 'ಪ್ರೊಲಾಗ್'. ಅದರ ಮೊದಲ ಹಾಡು ಹಾಕಿ ನೋಡಿ. ಐದು ಸ್ಥಾಯಿಯ ಗಾಯಕಿ ಸಿಕ್ಕಿದ್ದಾರೆ, ಆದರೂ ಬಾಯಲ್ಲಿ ಒಂದು ಪದ ಇಲ್ಲ. ಬರೀ ಆಲಾಪ. ಆ ಕಾಲದ ರಿನೇಸಾನ್ಸ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಜಾನ್ ಟೌಟ್ ಅವರ ಪಿಯಾನೋ ಮುಂದೆ, ಜಾನ್ ಕ್ಯಾಂಪ್ ಅವರ ಬೇಸ್ ಗಿಟಾರ್ ಗಟ್ಟಿಯಾಗಿ ಪಕ್ಕದಲ್ಲಿ. ಬೇರೆ ತಂಡಗಳಲ್ಲಿ ಗಿಟಾರ್ ಮೇಲೇರಿ ಕೂಗುವ ಜಾಗ ಇಲ್ಲಿ ಖಾಲಿ ಇತ್ತು. ಹ್ಯಾಸ್ಲಂ ಹೋಗಿ ನಿಂತದ್ದು ಅಲ್ಲಿ. ಸ್ಥಾಯಿ ಎಷ್ಟಿದೆ ಅನ್ನುವುದಕ್ಕಿಂತ ಅದು ಯಾವ ಜಾಗಕ್ಕೆ ಬಂತು ಅನ್ನುವುದು ಮುಖ್ಯ ಅಲ್ವಾ?

ಪಾಪ್ ಹಾಡಿನಲ್ಲಿ ಗಾಯಕಿ ಬಾಯಿ ತೆರೆದಾಗ ಹಾಡು ಶುರು, ಮುಚ್ಚಿದಾಗ ಮುಗಿಯಿತು. ಪ್ರೋಗ್‌ನಲ್ಲಿ ಹಾಗಲ್ಲ. ಎಷ್ಟೋ ನಿಮಿಷ ದನಿಯೇ ಇರುವುದಿಲ್ಲ. ತಾಳ ಬದಲಾಗಿರುತ್ತದೆ, ಶ್ರುತಿ ಬದಲಾಗಿರುತ್ತದೆ, ಕೇಳುಗ ಎಲ್ಲಿಗೋ ಹೋಗಿಬಿಟ್ಟಿರುತ್ತಾನೆ. ಆಗ ಗಾಯಕಿ ಮತ್ತೆ ಒಳಗೆ ಬರಬೇಕು. ಹೇಗೆ ಬರುತ್ತಾರೆ? ನಾನು ಕಿವಿಗೊಡುವುದು ಅದಕ್ಕೆ. ರಿನೇಸಾನ್ಸ್ ತಂಡದ 'ಆಶಸ್ ಆರ್ ಬರ್ನಿಂಗ್' ಹಾಡು 1973ರ ಆಲ್ಬಂನಲ್ಲಿ ಹನ್ನೊಂದು ನಿಮಿಷ ದಾಟುತ್ತದೆ. ಕಾರ್ನೆಗಿ ಹಾಲ್‌ನ 1975ರ ಕಛೇರಿಯಲ್ಲಿ ಅದೇ ಹಾಡು ಇಪ್ಪತ್ತು ನಿಮಿಷ ಮೀರಿ ಬೆಳೆಯಿತು, ಮಧ್ಯೆ ಬೇಸ್ ಗಿಟಾರಿನ ಉದ್ದನೆಯ ಸೋಲೋ ಬೇರೆ. ಅಷ್ಟೆಲ್ಲ ಆದ ಮೇಲೆ ಹ್ಯಾಸ್ಲಂ ಬರುವ ರೀತಿ ಕೇಳಿ. ಒಂದಿಷ್ಟೂ ಆತುರವಿಲ್ಲ.

ಇನ್ನು 'ಅಲಂಕಾರ' ಅನ್ನುವ ಮಾತಿಗೆ ಬರೋಣ. ಇದಕ್ಕೆ ಉತ್ತರ ಕೊಡಲು ನನಗೆ ಒಬ್ಬರೇ ಸಾಕು, ಕ್ಲೇರ್ ಟೋರಿ. 1973ರ ಜನವರಿ, ಒಂದು ಭಾನುವಾರ, ಲಂಡನ್ನಿನ ಆಬಿ ರೋಡ್ ಸ್ಟುಡಿಯೊ. ಪಿಂಕ್ ಫ್ಲಾಯ್ಡ್ ತಂಡದ ಬಳಿ ತಮ್ಮವರೇ ಆದ ರಿಚರ್ಡ್ ರೈಟ್ ಅವರ ಪಿಯಾನೋ ತುಣುಕೊಂದು ಸಿದ್ಧವಿತ್ತು, ಅದರ ಮೇಲೆ ಏನು ಬರಬೇಕೆಂದು ಯಾರಿಗೂ ತೋಚಿರಲಿಲ್ಲ. ಟೋರಿ ಹೆಸರು ಸೂಚಿಸಿದ್ದು ಎಂಜಿನಿಯರ್ ಆಲನ್ ಪಾರ್ಸನ್ಸ್. ಟೋರಿಗೆ ಆಗ 25 ವರ್ಷ. ಪದಗಳಿಲ್ಲ, ರಾಗವೂ ಇಲ್ಲ, ಸಾವಿನ ಕುರಿತ ತುಣುಕು, ಏನಾದರೂ ಹಾಡಿ ಅಂದರು. ಮೊದಲು ಅವರು ಸೋಲ್ (soul) ಶೈಲಿಯ ಹಾಡಿನವರ ಹಾಗೆ 'ಬೇಬಿ' ಎಂದೆಲ್ಲ ಶುರು ಮಾಡಿದರು. ಅದು ಬೇಡ ಅಂದರು. ಆಗ ಟೋರಿ ತನ್ನನ್ನು ಒಂದು ವಾದ್ಯ ಅಂದುಕೊಂಡು ಹಾಡಿದರು. ಕೆಲವೇ ಟೇಕ್‌ಗಳಲ್ಲಿ ಕೆಲಸ ಮುಗಿಯಿತು. ಸಂಭಾವನೆ 30 ಪೌಂಡ್, ಅದೂ ಭಾನುವಾರದ ದುಪ್ಪಟ್ಟು ದರ. ತೀರಾ ಅತಿಯಾಯಿತೇನೋ, ಇದನ್ನು ಅವರು ಬಳಸಲಿಕ್ಕಿಲ್ಲ ಅಂದುಕೊಂಡೇ ಮನೆಗೆ ಹೋದರು. ಬಳಸಿದ್ದಾರೆ ಅಂತ ತಿಳಿದದ್ದು ಆಲ್ಬಂ ಹೊರಬಂದ ಮೇಲೆ, ಅದರ ಮೇಲೆ ತನ್ನ ಹೆಸರು ಕಂಡಾಗ.

ಆ ತುಣುಕೇ 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ'. ಅದರ ಹೆಸರೆತ್ತಿದರೆ ಎಲ್ಲರೂ ಅದರ ಆರ್ಭಟವನ್ನೇ ನೆನೆಸಿಕೊಳ್ಳುತ್ತಾರೆ. ನನಗೆ ಜಾಸ್ತಿ ನಾಟುವುದು ಅದರ ನಂತರದ್ದು. ಡ್ರಮ್ಸ್ ಹಿಂದೆ ಸರಿಯುತ್ತದೆ. ಟೋರಿ ದನಿ ಇಳಿಸುತ್ತಾರೆ. ಅಷ್ಟು ಹೊತ್ತು ಕೂಗಾಡಿದ ಮನುಷ್ಯ ಸುಸ್ತಾಗಿ, ಬೇರೆ ದಾರಿ ಇಲ್ಲದೆ ಒಪ್ಪಿಕೊಂಡಂತೆ ಕೇಳುತ್ತದೆ. ಇದನ್ನು ಬರೆದುಕೊಟ್ಟವರು ಯಾರೂ ಇಲ್ಲ, ಹಾಡುತ್ತಾ ಹುಟ್ಟಿದ್ದು. ಹಾಗಿದ್ದರೂ ರಚನೆಕಾರರ ಜಾಗದಲ್ಲಿ ಮೂರು ದಶಕ ರೈಟ್ ಅವರ ಹೆಸರೊಂದೇ ಇತ್ತು. 2004ರಲ್ಲಿ ಟೋರಿ ನ್ಯಾಯಾಲಯಕ್ಕೆ ಹೋದರು, 2005ರಲ್ಲಿ ರಾಜಿಯಾಯಿತು. ಈಗ ರೈಟ್ ಜೊತೆ ಅವರ ಹೆಸರೂ ಇದೆ. ಅಲಂಕಾರಕ್ಕೆ ಬಂದವರಿಗೆ ಯಾರೂ ಹಾಗೆ ಪಾಲು ಕೊಡುವುದಿಲ್ಲ.

ಗಂಡಸರೇ ಜಾಸ್ತಿ ಅನ್ನುವ ನಿಮ್ಮ ಮಾತು ಸುಳ್ಳಲ್ಲ. ಯಾಕೆ ಹಾಗಾಯಿತು ಅಂತ ನೋಡಿದರೆ ಒಂದು ಕಾರಣ ತೀರಾ ಸಾದಾ. ಬ್ರಿಟನ್ನಿನ ದೊಡ್ಡ ಪ್ರೋಗ್ ತಂಡಗಳಲ್ಲಿ ಎಷ್ಟೋ ಹುಟ್ಟಿದ್ದು ಹುಡುಗರ ಶಾಲೆಗಳಲ್ಲಿ. ಜೆನೆಸಿಸ್ ಶುರುವಾದದ್ದು ಚಾರ್ಟರ್‌ಹೌಸ್‌ನಲ್ಲಿ. ಸಾಫ್ಟ್ ಮಶೀನ್‌ನ ಹಲವರು ಕ್ಯಾಂಟರ್ಬರಿಯ ಸೈಮನ್ ಲ್ಯಾಂಗ್ಟನ್ ಹುಡುಗರ ಶಾಲೆಯವರು. ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್ ಮತ್ತು ಸಿಡ್ ಬ್ಯಾರೆಟ್ ಓದಿದ್ದೂ ಕೇಂಬ್ರಿಜ್‌ನ ಹುಡುಗರ ಶಾಲೆಯಲ್ಲೇ. ತರಗತಿಯಲ್ಲೇ ಹುಡುಗಿಯರಿಲ್ಲದಿದ್ದರೆ ತಂಡಕ್ಕೆ ಎಲ್ಲಿಂದ ಬರಬೇಕು? ಜನಪದ ಹಾಡಿನ ಫೋಕ್ ಕ್ಲಬ್ಬುಗಳ ಬಾಗಿಲು ಮಾತ್ರ ತೆರೆದಿತ್ತು. ಗಿಟಾರ್ ಹಿಡಿದು ಬಂದವರು ಹಾಡಬಹುದಿತ್ತು. ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ಸ್ಯಾಂಡಿ ಡೆನಿ, ಪೆಂಟ್ಯಾಂಗಲ್‌ನ ಜಾಕಿ ಮಕ್‌ಶೀ ಬಂದದ್ದು ಅಲ್ಲಿಂದ. ಈ ಇಬ್ಬರ ತಂಡಗಳನ್ನು ಪ್ರೋಗ್ ಅನ್ನಬೇಕೋ ಬೇಡವೋ ಎಂದು ಚರ್ಚೆ ಮಾಡುವವರು ಮಾಡಲಿ. ಪಕ್ಕದ ಮನೆ ಅಂತಿಟ್ಟುಕೊಂಡರೂ ನಡುವಿನ ಗೋಡೆ ಅಷ್ಟೇನೂ ದಪ್ಪವಿರಲಿಲ್ಲ.

ಎಷ್ಟು ತೆಳು ಅನ್ನುವುದಕ್ಕೆ ಜೂಡಿ ಡೈಬಲ್ ಸಾಕ್ಷಿ. ಫೇರ್‌ಪೋರ್ಟ್ ಕನ್ವೆನ್ಷನ್‌ನಲ್ಲಿ ಡೆನಿಗಿಂತ ಮುಂಚೆ ಹಾಡುತ್ತಿದ್ದವರು ಇವರು. 1968ರಲ್ಲಿ, ಮುಂದೆ ಕಿಂಗ್ ಕ್ರಿಮ್ಸನ್ ತಂಡ ಕಟ್ಟಿದ ರಾಬರ್ಟ್ ಫ್ರಿಪ್ ಮತ್ತು ಗೆಳೆಯರ ಜೊತೆ ಸ್ವಲ್ಪ ಕಾಲ ಇದ್ದು 'ಐ ಟಾಕ್ ಟು ದಿ ವಿಂಡ್' ಹಾಡಿ ರೆಕಾರ್ಡ್ ಮಾಡಿದರು. ಮರುವರ್ಷ ಅದೇ ಹಾಡು ಗ್ರೆಗ್ ಲೇಕ್ ದನಿಯಲ್ಲಿ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂಗೆ ಹೋಯಿತು. ಡೈಬಲ್ ಹಾಡಿದ್ದು 1976ರ ಒಂದು ಸಂಕಲನದಲ್ಲಿ ಹೊರಬಂತು. ಹುಡುಕಿ ಕೇಳಿ. ಲೇಕ್ ಹಾಡಿದ್ದರಲ್ಲಿ ಗಾಂಭೀರ್ಯ ಇದೆ. ಡೈಬಲ್ ಹಾಡಿದ್ದರಲ್ಲಿ ಸುಮ್ನೆ ನಡೆದು ಹೋಗುವವರ ಹಗುರ ಇದೆ. ಆ ಹಾಡಿಗೆ ಎರಡನೆಯದೇ ಸರಿ ಅಂತ ನನ್ನ ಮತ.

ಡೆನಿ ಬಗ್ಗೆ ಒಂದೆರಡು ಮಾತು. ಲೆಡ್ ಝೆಪೆಲಿನ್ ಎಂಬ ರಾಕ್ ತಂಡದವರು ತಮ್ಮ ಹಾಡಿಗೆ ಹೊರಗಿನ ದನಿಯೊಂದನ್ನು ಕರೆದದ್ದು ಅವರೊಬ್ಬರನ್ನೇ, 1971ರಲ್ಲಿ, 'ದಿ ಬ್ಯಾಟಲ್ ಆಫ್ ಎವರ್‌ಮೋರ್'ಗೆ. ಆಲ್ಬಂ ಹೊದಿಕೆಯಲ್ಲಿ ತಂಡದ ನಾಲ್ವರಿಗೆ ಒಂದೊಂದು ಚಿಹ್ನೆ ಇತ್ತಲ್ಲ, ಡೆನಿಗೂ ಒಂದು ಸಿಕ್ಕಿತು, ಮೂರು ತ್ರಿಕೋನಗಳದ್ದು. ಆದರೆ ನನ್ನ ಆಯ್ಕೆ ಅದಲ್ಲ. ಫೇರ್‌ಪೋರ್ಟ್‌ನ 1969ರ 'ಎ ಸೇಲರ್ಸ್ ಲೈಫ್', ಹನ್ನೊಂದು ನಿಮಿಷದ ಜನಪದ ಹಾಡು. ಡೆನಿ ಕಥೆಯನ್ನು ತಣ್ಣಗೆ ಹೇಳಿ ಮುಗಿಸುತ್ತಾರೆ. ಅಳುವುದಿಲ್ಲ, ಅಳಿಸಲೂ ನೋಡುವುದಿಲ್ಲ. ಆಮೇಲೆ ಗಿಟಾರ್ ಮತ್ತು ಪಿಟೀಲು ಹೊಡೆದಾಡಿಕೊಳ್ಳುತ್ತವೆ. ಅವರು ಹಾಡದೆ ಬಿಟ್ಟ ದುಃಖವೆಲ್ಲ ಆ ಹೊಡೆದಾಟಕ್ಕೆ ಹೋಗುತ್ತದೆ. 1978ರಲ್ಲಿ, 31ರ ವಯಸ್ಸಿಗೇ ಡೆನಿ ತೀರಿಕೊಂಡರು.

ಕರ್ವ್ಡ್ ಏರ್‌ನ ಸೋನಿಯಾ ಕ್ರಿಸ್ಟೀನಾ ಅವರನ್ನು ನೀವು ಮರೆತೇಬಿಟ್ಟಿದ್ದೀರಿ. 'ಹೇರ್' ನಾಟಕದ ಲಂಡನ್ ಪ್ರಯೋಗದಿಂದ ಬಂದವರು. 1971ರಲ್ಲಿ 'ಬ್ಯಾಕ್ ಸ್ಟ್ರೀಟ್ ಲವ್' ಬ್ರಿಟಿಷ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು. ಅದರಲ್ಲಿ ದೇವತೆಯಂಥ ದನಿ ಹುಡುಕಬೇಡಿ. ಸ್ವಲ್ಪ ಒರಟು, ಸ್ವಲ್ಪ ಕೊಂಕು, ಹುಬ್ಬೇರಿಸಿ ಹಾಡಿದ ಹಾಗೆ.

ಈಗ ಕೇಟ್ ಬುಷ್. ಎಳೆದು ತರಬೇಡಿ ಅಂದಿರಿ. ಎಳೆಯುವ ಅಗತ್ಯವೇ ಇಲ್ಲ, ಅವರು ಆಗಲೇ ಒಳಗೆ ಕೂತಿದ್ದಾರೆ. 1985ರ 'ಹೌಂಡ್ಸ್ ಆಫ್ ಲವ್' ಆಲ್ಬಂನ ಎರಡನೇ ಮಗ್ಗುಲು ಪೂರ್ತಿ ಒಂದೇ ಕಥೆ. ಹೆಸರು 'ದಿ ನೈಂತ್ ವೇವ್', ಏಳು ಹಾಡು. ರಾತ್ರಿ ಹೊತ್ತು ಸಮುದ್ರದಲ್ಲಿ ಒಬ್ಬಳೇ ಹೆಂಗಸು, ಲೈಫ್ ಜಾಕೆಟ್ ಹಾಕಿಕೊಂಡು ತೇಲುತ್ತಿದ್ದಾಳೆ. ನಿದ್ದೆ ಬಂದರೆ ಸತ್ತಂತೆ. ಇದನ್ನೇ ಐದು ಜನ ಗಡ್ಡದವರು ಕೂಡಿ ಮಾಡಿದ್ದರೆ ಇದು ಪ್ರೋಗ್ ಹೌದೋ ಅಲ್ಲವೋ ಎಂದು ಯಾರಾದರೂ ಕೇಳುತ್ತಿದ್ದರಾ?

ದನಿಯನ್ನು ಏನು ಮಾಡಿದ್ದಾರೆ ಗಮನಿಸಿ. ಮೊದಲ ಹಾಡಿನಲ್ಲಿ ನಿದ್ದೆಗಣ್ಣಿನ ಹುಡುಗಿ. ಎರಡನೆಯದರಲ್ಲಿ ಮಂಜುಗಡ್ಡೆಯ ಕೆಳಗೆ ಸಿಕ್ಕಿಬಿದ್ದವಳು ತಾನೇ ಎಂದು ತಿಳಿದಾಗ ದನಿ ತಳಕ್ಕಿಳಿಯುತ್ತದೆ. ಮೂರನೆಯದರಲ್ಲಿ ಅವಳನ್ನು ಮಾಟಗಾತಿ ಎಂದು ವಿಚಾರಣೆಗೆ ನಿಲ್ಲಿಸುತ್ತಾರೆ, ಉತ್ತರ ಕೊಡಲು ಹೋದರೆ ಮಾತು ಚೂರುಚೂರಾಗಿ ಹೊರಬರುತ್ತದೆ. ನಾಲ್ಕನೆಯದರಲ್ಲಿ ತನ್ನದೇ ಮನೆಯಲ್ಲಿ ದೆವ್ವದಂತೆ ನಿಂತಿದ್ದಾಳೆ, ಮಾತಾಡಿದರೂ ಯಾರಿಗೂ ಕೇಳಿಸದು. ಫೇರ್‌ಲೈಟ್ ಎಂಬ ಕಂಪ್ಯೂಟರ್ ವಾದ್ಯ, ಮನೆಯ ಬಳಿಯೇ ಕಟ್ಟಿಸಿಕೊಂಡ ಸ್ಟುಡಿಯೊ, ನಿರ್ಮಾಣವೂ ಅವರದೇ. 2014ರಲ್ಲಿ ಲಂಡನ್ನಿನಲ್ಲಿ 22 ರಾತ್ರಿ ಈ ಕಥೆಯನ್ನು ಪೂರ್ತಿಯಾಗಿ ರಂಗದ ಮೇಲೆ ತಂದರು. ಇನ್ನು 1982ರ 'ದಿ ಡ್ರೀಮಿಂಗ್' ಆಲ್ಬಂನ ಕೊನೆಯ ಹಾಡಿನಲ್ಲಿ ಅವರು ಹೇಸರಗತ್ತೆಯ ಹಾಗೆ ಕೂಗುತ್ತಾರೆ. ಹೌದು, ನಿಜವಾಗಿಯೂ. ಎಷ್ಟು ಸ್ಥಾಯಿ ಅಂತ ಲೆಕ್ಕ ಹಾಕಿ ನೋಡಿ!

ಇಂಪು ಬೇಕೇ ಬೇಕು ಅನ್ನುವವರು ಮುಂದಿನ ಹೆಸರನ್ನು ಬಿಟ್ಟು ಓದಬಹುದು. ಡಾಗ್‌ಮಾರ್ ಕ್ರೌಸ, ಜರ್ಮನಿಯವರು. ಸ್ಲ್ಯಾಪ್ ಹ್ಯಾಪಿ ತಂಡದಲ್ಲಿದ್ದಾಗ ಅವರ ದನಿ ಪುಟಾಣಿ, ತುಂಟ, ಚೂರು ಸೊಟ್ಟ. ಆ ತಂಡ ಹೆನ್ರಿ ಕೌ ಎಂಬ ಇನ್ನೊಂದು ತಂಡದ ಜೊತೆ ಕೂಡಿಕೊಂಡಿತು. ಸ್ಲ್ಯಾಪ್ ಹ್ಯಾಪಿಯ ಉಳಿದಿಬ್ಬರು ಬಿಟ್ಟು ಹೋದರು, ಇವರು ಉಳಿದರು. 1975ರ 'ಇನ್ ಪ್ರೇಸ್ ಆಫ್ ಲರ್ನಿಂಗ್' ಕೇಳಿದರೆ ಅದೇ ಹೆಂಗಸಾ ಅನಿಸುತ್ತದೆ. ಸ್ವರ ಒಂದು ಕಡೆ, ಸಿಟ್ಟು ಒಂದು ಕಡೆ, ಎರಡರ ಮಧ್ಯೆ ದನಿ ಹರಿಯುವಷ್ಟು ಎಳೆದಿದ್ದಾರೆ. ಆಮೇಲೆ ಫ್ರೆಡ್ ಫ್ರಿತ್, ಕ್ರಿಸ್ ಕಟ್ಲರ್ ಜೊತೆ ಆರ್ಟ್ ಬೇರ್ಸ್ ಕಟ್ಟಿದರು. ಅವರ 'ವಿಂಟರ್ ಸಾಂಗ್ಸ್' 1979ರದ್ದು, ಹಾಡುಗಳು ಚಿಕ್ಕವು, ಒಂದಕ್ಕಿಂತ ಒಂದು ಒಣ. ನನಗೆ ಪ್ರಾಣ. ಮನೆಯಲ್ಲಿ ಬೇರೆಯವರು ಇರುವಾಗ ಹಾಕುವುದಿಲ್ಲ ಅಷ್ಟೇ.

ಇಂಗ್ಲಿಷ್ ಇಲ್ಲದೆಯೂ ಪ್ರೋಗ್ ಇದೆ. ಫ್ರಾನ್ಸಿನ ಮಾಗ್ಮಾ ತಂಡದ ಕ್ರಿಶ್ಚಿಯನ್ ವಾಂಡೇರ್ ಕೋಬಾಯನ್ ಅಂತ ಭಾಷೆಯನ್ನೇ ಹುಟ್ಟಿಸಿದರು, ಸ್ಟೆಲ್ಲಾ ವಾಂಡೇರ್ ಅದನ್ನು ತಾಯ್ನುಡಿಯೆಂಬಂತೆ ಹಾಡಿದರು. ಹ್ಯಾಟ್‌ಫೀಲ್ಡ್ ಅಂಡ್ ದಿ ನಾರ್ತ್ ಎಂಬ ತಂಡದ ಜೊತೆ ಹಾಡಿದ ಮೂವರು, ಅಂದರೆ ಬಾರ್ಬರಾ ಗ್ಯಾಸ್ಕಿನ್, ಅಮಾಂಡಾ ಪಾರ್ಸನ್ಸ್, ಆನ್ ರೋಸೆಂಥಾಲ್, ಪದಗಳನ್ನೇ ಬಿಟ್ಟು ಕೊಳಲಿನ ಕೆಲಸ ಮಾಡಿದರು. ಗ್ಯಾಸ್ಕಿನ್ 1981ರಲ್ಲಿ ಡೇವ್ ಸ್ಟುವರ್ಟ್ ಜೊತೆ ಒಂದು ಹಳೆ ಪಾಪ್ ಹಾಡು ಹಾಡಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆದರು ಅನ್ನುವುದು ನಿಮ್ಮಂಥ ಶುದ್ಧವಾದಿಗಳಿಗೆ ಬೇಸರದ ಸುದ್ದಿ ಇರಬಹುದು.

ಈಚಿನವರಲ್ಲಿ ಇಬ್ಬರು. ನೆದರ್‌ಲ್ಯಾಂಡ್ಸ್‌ನ ದಿ ಗ್ಯಾದರಿಂಗ್ ಮೊದಲು ಗಂಟಲು ಕೆರೆದು ಹಾಡುವ ಮೆಟಲ್ ತಂಡವಾಗಿತ್ತು. ಆನೆಕೆ ಫಾನ್ ಗೀರ್ಸ್‌ಬರ್ಗನ್ ಸೇರಿದ ಮೇಲೆ 1995ರಲ್ಲಿ 'ಮ್ಯಾಂಡಿಲಿಯನ್' ಬಂತು. ಗಿಟಾರ್ ಅಷ್ಟೇ ಭಾರ, ದನಿ ಮಾತ್ರ ಕಿಟಕಿ ತೆರೆದ ಹಾಗೆ. ಇನ್ನೊಬ್ಬರು ಇಸ್ರೇಲಿನ ನಿನೆತ್ ತಯೆಬ್. ಸ್ಟೀವನ್ ವಿಲ್ಸನ್ ಅವರ 2015ರ ಆಲ್ಬಂ ಒಬ್ಬ ಹೆಂಗಸಿನ ಕಥೆ, ಬರೆದದ್ದು ಗಂಡಸು, ಬಹುಪಾಲು ಹಾಡಿದ್ದೂ ಗಂಡಸು. 'ರೂಟೀನ್' ಹಾಡಿನಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡವಳು ದಿನದ ಮನೆಗೆಲಸವನ್ನೇ ಹಿಡಿದು ಬದುಕುತ್ತಾಳೆ. ತಯೆಬ್ ಮೊದಲು ಮೆಲ್ಲಗೆ ಹಾಡುತ್ತಾರೆ. ಕೊನೆಗೆ ಒಂದು ಕೂಗು ಬರುತ್ತದೆ ನೋಡಿ, ಅದನ್ನು ವಿಲ್ಸನ್ ಎಷ್ಟೇ ಚೆನ್ನಾಗಿ ಬರೆದರೂ ತಾವೇ ಹಾಡಲು ಆಗುತ್ತಿರಲಿಲ್ಲ.

ಅಂದಹಾಗೆ, ವೇಲ್ಸ್‌ನಲ್ಲಿ 1997ರಲ್ಲಿ ಹುಟ್ಟಿದ ಒಂದು ಪ್ರೋಗ್ ತಂಡದ ಹೆಸರೇ ಕರ್ನಾಟಕ. ಮೊದಲ ಗಾಯಕಿ ರೇಚಲ್ ಜೋನ್ಸ್. ಹೆಸರು ಕಂಡು ಮುಖ ಅರಳಿಸುವುದೇನೋ ಸರಿ, 2003ರ 'ಡೆಲಿಕೇಟ್ ಫ್ಲೇಮ್ ಆಫ್ ಡಿಸೈರ್' ಆಲ್ಬಂ ಹೆಸರಿನ ಹಂಗಿಲ್ಲದೆಯೂ ಕೇಳುವಂಥದ್ದು.

ಎಲ್ಲಿಂದ ಶುರು ಮಾಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 'ಹೌಂಡ್ಸ್ ಆಫ್ ಲವ್' ಎರಡನೇ ಮಗ್ಗುಲನ್ನು ಒಂದೇ ಸಲಕ್ಕೆ, ಮಧ್ಯೆ ನಿಲ್ಲಿಸದೆ ಕೇಳಿ. ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಆಮೇಲೂ ಅದು ಪಾಪ್ ಅನಿಸಿದರೆ ಇನ್ನೊಂದು ಪತ್ರ ಬರೆಯಿರಿ. ಅದನ್ನು ಪೂರ್ತಿಯಾಗಿ ಹಾಕುತ್ತೇವೆ, ಈ ಸಲ ಜಾಗ ನಾನೇ ತಿಂದುಬಿಟ್ಟೆ.

— ಸಂಪಾದಕ